ಕಲಬುರಗಿಯ ಬಿಸಿಲಿನಲ್ಲಿ ಏಲ್ ಹುದುಗಿಸುವಾಗ ಉಷ್ಣತೆಯ ಹತೋಟಿ

ಪ್ರಶ್ನೆ: ನಾನು ಕಲಬುರಗಿಯವನು. ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಗ ಮನೆಯಲ್ಲಿಯೇ 20 ಲೀಟರ್ ಅಳತೆಯಲ್ಲಿ ಏಲ್ ಎಂಬ ಬಗೆಯ ಬಿಯರ್ ತಯಾರಿಸುವುದನ್ನು ಕಲಿತೆ. ಅಲ್ಲಿ ಡ್ರಮ್ಮನ್ನು ಮೆಟ್ಟಿಲಿನ ಕೆಳಗೆ ಇಟ್ಟರೆ ಸಾಕಾಗುತ್ತಿತ್ತು. ಒಮ್ಮೆ ಮಾತ್ರ ಜುಲೈ ತಿಂಗಳ ಸೆಕೆಯಲ್ಲಿ ಮಾಡಿದ್ದು ಉಗುರುಬಣ್ಣದ ವಾಸನೆ ಹೊಡೆದು, ಕುಡಿದವರಿಗೆಲ್ಲ ತಲೆನೋವು ತಂದಿತು. ಈಗ ಊರಿಗೆ ಮರಳಿ ಗೆಳೆಯರೊಡನೆ ಸಣ್ಣ ಬ್ರೂವರಿಯೊಂದಕ್ಕೆ ಪರವಾನಗಿ ಪಡೆಯುವ ಸಿದ್ಧತೆಯಲ್ಲಿದ್ದೇನೆ. ಪರವಾನಗಿ ಬಂದ ಮೇಲೆ ಮೊದಲು 20 ಲೀಟರಿನ ಪ್ರಯೋಗಗಳನ್ನು ಮಾಡಬೇಕೆಂದಿದೆ. ನಮ್ಮ ಕೋಣೆಯಲ್ಲಿ ಏಪ್ರಿಲ್ ಮಧ್ಯಾಹ್ನ 37–38 ಡಿಗ್ರಿ ಇರುತ್ತದೆ. ಹುದುಗುವ ಏಲನ್ನು ಎಷ್ಟು ಉಷ್ಣತೆಯಲ್ಲಿ ಇಡಬೇಕು, ಅದನ್ನು ಇಲ್ಲಿ ಸಾಧಿಸುವುದು ಹೇಗೆ, ಒದ್ದೆ ಗೋಣಿ ತಟ್ಟು ಮತ್ತು ಫ್ಯಾನ್ ಸಾಕೇ ಅಥವಾ ಫ್ರಿಜ್ ಬೇಕೇ ಬೇಕೇ?

ಉತ್ತರ: ಪರವಾನಗಿ ಬಂದ ಮೇಲೆಯೇ ಪ್ರಯೋಗ ಎಂದು ನೀವು ಬರೆದಿರುವುದು ಸರಿಯಾಗಿದೆ. ಬ್ರಿಟನ್ನಿನಲ್ಲಿ ಮನೆಬಳಕೆಗೆ ಬಿಯರ್ ತಯಾರಿಸಲು 1963ರಿಂದ ಪರವಾನಗಿ ಬೇಕಿಲ್ಲ. ನಮ್ಮಲ್ಲಿ ಹಾಗಲ್ಲ, ಕರ್ನಾಟಕ ಅಬಕಾರಿ ಕಾಯ್ದೆ, 1965ರ ಅಡಿಯಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮತ್ತು ಪ್ರಮಾಣ ಚಿಕ್ಕದು ಅಥವಾ ಮನೆಮಂದಿಗಷ್ಟೇ ಎಂಬುದು ಸಮರ್ಥನೆಯಾಗುವುದಿಲ್ಲ. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ, ಏಕೆಂದರೆ ಉಷ್ಣತೆಯ ಹತೋಟಿಯ ಬಹುಪಾಲು ಅಭ್ಯಾಸವನ್ನು ಬರಿಯ ನೀರಿನಿಂದಲೇ ಮಾಡಬಹುದು. ಅದು ಹೇಗೆ ಸಾಧ್ಯ ಎಂಬುದು ಮುಂದಿನ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಮೊದಲು ನಿಮ್ಮ ಜುಲೈ ತಿಂಗಳ ಏಲ್ ಏಕೆ ಕೆಟ್ಟಿತೆಂದು ನೋಡೋಣ. ವೋರ್ಟಿಗೆ, ಅಂದರೆ ಕುದಿಸಿ ಆರಿಸಿದ ಮಾಲ್ಟ್ ರಸಕ್ಕೆ, ಬೆರೆಸಿದ ಯೀಸ್ಟ್ ಮೊದಲ ಒಂದೂವರೆ ಎರಡು ದಿನಗಳಲ್ಲಿ ತನ್ನ ಸಂಖ್ಯೆಯನ್ನು ಹಲವು ಪಟ್ಟು ಹೆಚ್ಚಿಸಿಕೊಳ್ಳುತ್ತದೆ, ಮತ್ತು ಏಲಿನ ರುಚಿಯನ್ನು ನಿರ್ಧರಿಸುವ ಉಪವಸ್ತುಗಳು ಮುಖ್ಯವಾಗಿ ಈ ಬೆಳವಣಿಗೆಯ ಹಂತದಲ್ಲಿಯೇ ಹುಟ್ಟುತ್ತವೆ. ಉಷ್ಣತೆ ಏರಿದಂತೆ ಯೀಸ್ಟ್ ಅಮೈನೊ ಆಮ್ಲಗಳನ್ನು ಬೇಗಬೇಗ ಬಳಸಿ ಫ್ಯೂಸೆಲ್ ಎಂದು ಕರೆಯುವ ಭಾರದ ಆಲ್ಕೊಹಾಲುಗಳನ್ನು ಹೆಚ್ಚು ಬಿಡುತ್ತದೆ. ಗಂಟಲಲ್ಲಿ ಉರಿಯುವ ಕಾವು ಇವುಗಳದು, ಮರುದಿನದ ತಲೆನೋವನ್ನೂ ತಯಾರಕರು ಸಾಮಾನ್ಯವಾಗಿ ಇವುಗಳ ಲೆಕ್ಕಕ್ಕೇ ಹಾಕುತ್ತಾರೆ. ಆಲ್ಕೊಹಾಲು ಮತ್ತು ಆಮ್ಲ ಕೂಡಿ ಎಸ್ಟರುಗಳಾಗುತ್ತವೆ. ಐಸೊಅಮೈಲ್ ಅಸಿಟೇಟ್ ಬಾಳೆಹಣ್ಣಿನ ಪರಿಮಳ ಕೊಡುತ್ತದೆ. ಈಥೈಲ್ ಅಸಿಟೇಟ್ ಮಿತಿಯಲ್ಲಿದ್ದರೆ ಹಣ್ಣಿನಂತೆ, ಮಿತಿ ಮೀರಿದರೆ ನೀವು ವರ್ಣಿಸಿದಂತೆ ಉಗುರುಬಣ್ಣದಂತೆ ನಾರುತ್ತದೆ. ಹೀಗೆ ಹುಟ್ಟಿದ ಫ್ಯೂಸೆಲ್ ಮತ್ತು ಈಥೈಲ್ ಅಸಿಟೇಟನ್ನು ನಂತರ ತಣ್ಣಗಿಟ್ಟೋ ತಿಂಗಳುಗಟ್ಟಲೆ ಕಾಯಿಸಿಯೋ ಹೋಗಲಾಡಿಸಲು ಬರುವುದಿಲ್ಲ. ಆದ್ದರಿಂದ ಹತೋಟಿಯ ಶ್ರಮವನ್ನೆಲ್ಲ ಮೊದಲ ಮೂರು ದಿನಗಳಿಗೆ ಸುರಿಯಬೇಕು. ಐದನೆಯ ದಿನ ಏಲ್ 24 ಡಿಗ್ರಿಗೆ ಏರಿದರೆ ಆಗುವ ಹಾನಿ ಅಲ್ಪ. ಮೊದಲ ರಾತ್ರಿ ಏರಿದರೆ ಆ ಪಾತ್ರೆಯ ಕತೆ ಮುಗಿದಂತೆ.

ಎಷ್ಟು ಉಷ್ಣತೆ ಎಂಬುದು ಯೀಸ್ಟಿನ ತಳಿಯನ್ನು ಅವಲಂಬಿಸುತ್ತದೆ. ಇಂಗ್ಲಿಷ್ ಅಥವಾ ಅಮೆರಿಕನ್ ಶೈಲಿಯ ಸಾಮಾನ್ಯ ಏಲ್ ಯೀಸ್ಟಿಗೆ ಮೊದಲ ಮೂರು ದಿನ 18ರಿಂದ 20 ಡಿಗ್ರಿ, ಆಮೇಲೆ 21–22ಕ್ಕೆ ಏರಲು ಬಿಡುವುದು ನಾನು ಯಾರಿಗಾದರೂ ಧೈರ್ಯವಾಗಿ ಹೇಳಬಲ್ಲ ಸೂತ್ರ. ಪೊಟ್ಟಣದ ಮೇಲೆ 25–26 ಡಿಗ್ರಿಯವರೆಗೆ ಎಂದು ಮುದ್ರಿಸಿರುವುದನ್ನು ನೋಡಿ ನಿಶ್ಚಿಂತರಾಗಬೇಡಿ. ಅಷ್ಟು ಉಷ್ಣತೆಯಲ್ಲಿಯೂ ಯೀಸ್ಟ್ ಸಕ್ಕರೆಯನ್ನು ಪೂರ್ತಿ ಮುಗಿಸುತ್ತದೆ ಎಂಬುದು ಆ ಮಾತಿನ ತಾತ್ಪರ್ಯ. ನೀವು ಬಯಸುವ ರುಚಿಯೇ ಬರುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಬೆಲ್ಜಿಯಮ್ಮಿನ ಕೆಲವು ಮಠಗಳ ಬ್ರೂವರಿಗಳಲ್ಲಿ 20 ಡಿಗ್ರಿಯ ಆಸುಪಾಸಿನಲ್ಲಿ ಯೀಸ್ಟ್ ಬೆರೆಸಿ 28ರ ಹತ್ತಿರದವರೆಗೆ ತಾನಾಗಿ ಏರಲು ಬಿಡುವ ಪದ್ಧತಿಯಿದೆ. ಅಲ್ಲಿಯೂ ಆರಂಭ ತಣ್ಣಗೇ ಇರುತ್ತದೆ ಎಂಬುದನ್ನು ಗಮನಿಸಿ.

ಇಲ್ಲಿ ಉಷ್ಣತೆ ಎಂದರೆ ಡ್ರಮ್ಮಿನೊಳಗಿನ ದ್ರವದ ಉಷ್ಣತೆಯೇ ಹೊರತು ಕೋಣೆಯದಲ್ಲ. ಒಂದು ಕಿಲೋ ಸಕ್ಕರೆಯಂಶ ಹುದುಗಿದರೆ ಸುಮಾರು 590 ಕಿಲೋಜೂಲ್ ಶಾಖ ಹೊರಬರುತ್ತದೆ. 20 ಲೀಟರಿನ ಮಧ್ಯಮ ಕಸುವಿನ ಏಲಿನಲ್ಲಿ ಹುದುಗುವ ಅಂಶ ಒಂದೂವರೆ ಕಿಲೋದಷ್ಟಿರುತ್ತದೆ. ಅದರಿಂದ ಹುಟ್ಟುವ 900 ಕಿಲೋಜೂಲ್ ಎಲ್ಲಿಯೂ ಹೋಗದೆ ಉಳಿದರೆ ಏಲ್ 10–11 ಡಿಗ್ರಿ ಬಿಸಿಯಾಗಬೇಕು. ನಿಜದಲ್ಲಿ ಅದು ಡ್ರಮ್ಮಿನ ಗೋಡೆಯ ಮೂಲಕ ಸೋರಿಹೋಗುತ್ತಿರುವುದರಿಂದ, ಜೋರಾಗಿ ನೊರೆ ಉಕ್ಕುವ ದಿನ ದ್ರವವು ಕೋಣೆಗಿಂತ ಮೂರ್ನಾಲ್ಕು ಡಿಗ್ರಿ ಮೇಲಿರುತ್ತದೆ. ನಿಮ್ಮ ಇಂಗ್ಲೆಂಡಿನ ಮೆಟ್ಟಿಲ ಕೆಳಗೆ ಜುಲೈನಲ್ಲಿ 25 ಡಿಗ್ರಿ ಇದ್ದಿದ್ದರೆ ಒಳಗೆ 28–29 ಇದ್ದಿರಲೇಬೇಕು.

ಈಗ ಅದೇ ಡ್ರಮ್ಮನ್ನು ಕಲಬುರಗಿಗೆ ತನ್ನಿ, ಲೆಕ್ಕ ತಿರುಗುಮುರುಗಾಗುತ್ತದೆ. ಯೀಸ್ಟಿನ 900 ಕಿಲೋಜೂಲನ್ನು ಮೂರು ದಿನಗಳಿಗೆ ಹಂಚಿದರೆ ಸರಾಸರಿ ಮೂರೂವರೆ ವ್ಯಾಟ್, ಅಬ್ಬರದ ಹೊತ್ತಿನಲ್ಲಿ ಎಂಟು ಹತ್ತು ವ್ಯಾಟ್. ಆದರೆ 38 ಡಿಗ್ರಿಯ ಕೋಣೆಯಿಂದ 20 ಡಿಗ್ರಿಯ ಡ್ರಮ್ಮಿಗೆ ನುಗ್ಗುವ ಶಾಖ 70 ವ್ಯಾಟಿನ ಸುಮಾರಿನದು. ಇಂಗ್ಲೆಂಡಿನಲ್ಲಿ ನೀವು ಯೀಸ್ಟಿನ ಶಾಖವನ್ನು ಹೊರಹಾಕುತ್ತಿದ್ದಿರಿ. ಇಲ್ಲಿ ಕೋಣೆಯ ಶಾಖವನ್ನು ತಡೆಯಬೇಕಾಗಿದೆ. ಪುಸ್ತಕಗಳಲ್ಲಿ ಓದಿದ ಉಪಾಯಗಳು ನಮ್ಮಲ್ಲಿ ಅರ್ಧಕ್ಕೇ ಕೈಕೊಡುವುದಕ್ಕೆ ಕಾರಣವೇ ಇದು. ಜೊತೆಗೆ ಇನ್ನೊಂದು ಅನುಕೂಲವೂ ಇದರಿಂದಾಗುತ್ತದೆ: ಯೀಸ್ಟಿನ ಪಾಲು ಇಷ್ಟು ಕಡಿಮೆಯಿರುವಾಗ, 20 ಲೀಟರ್ ಬರಿಯ ನೀರು ತುಂಬಿದ ಡ್ರಮ್ಮು ನಿಮ್ಮ ಏರ್ಪಾಡಿನ ಬಲಾಬಲವನ್ನು ಬಹುಮಟ್ಟಿಗೆ ಸರಿಯಾಗಿಯೇ ತೋರಿಸುತ್ತದೆ. ನೀರಿನಲ್ಲಿ ಬಂದ ಉಷ್ಣತೆಗೆ ಒಂದೆರಡು ಡಿಗ್ರಿ ಕೂಡಿಸಿಕೊಂಡರೆ ಏಲಿನ ಉಷ್ಣತೆ ಸಿಗುತ್ತದೆ. ಪರವಾನಗಿಗೆ ಕಾಯುವ ಅವಧಿಯಲ್ಲಿ, ಬೆಳಗಿನ ಆರು, ಮಧ್ಯಾಹ್ನದ ಮೂರು ಮತ್ತು ರಾತ್ರಿಯ ಹತ್ತು ಗಂಟೆಗೆ ನೀರಿನ ಉಷ್ಣತೆಯನ್ನು ಬರೆದಿಡುತ್ತ ಎಲ್ಲ ಋತುಗಳ ಪಟ್ಟಿಯೊಂದನ್ನು ಮಾಡಿಕೊಳ್ಳಿ.

ಇನ್ನು ಒದ್ದೆ ಗೋಣಿ ತಟ್ಟಿನ ವಿಷಯ. ಇದರಲ್ಲಿ ನಮ್ಮ ಭಾಗಕ್ಕೆ ಇರುವ ಅನುಕೂಲ ಮಂಗಳೂರಿಗಿಲ್ಲ. ನೀರು ಆವಿಯಾಗುವಾಗ ಲೀಟರಿಗೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಎಳೆದುಕೊಂಡು ಹೋಗುತ್ತದೆ, ಅಂದರೆ ಯೀಸ್ಟ್ ಮೂರು ದಿನ ಹುಟ್ಟಿಸುವ ಶಾಖಕ್ಕೆ ಅರ್ಧ ಲೀಟರಿಗಿಂತ ಕಡಿಮೆ ನೀರು ಸಾಕು. ನಮ್ಮ ಹಳ್ಳಿಗಳ ಹರವಿಯಲ್ಲಿ ನಡುಬೇಸಿಗೆಯಲ್ಲಿಯೂ ನೀರು ತಣ್ಣಗಿರುವುದು ಇದರಿಂದಲೇ. ಆದರೆ ಈ ವಿಧಾನಕ್ಕೆ ಒಂದು ತಳವಿದೆ. ಸಾದಾ ಉಷ್ಣಮಾಪಕದ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ ಫ್ಯಾನಿನ ಎದುರು ಹಿಡಿದರೆ ಪಾದರಸ ಇಳಿಯುತ್ತ ಬಂದು ಒಂದು ಅಂಕಿಯಲ್ಲಿ ನಿಲ್ಲುತ್ತದೆ. ಆ ಅಂಕಿಗಿಂತ ಕೆಳಗೆ ಒದ್ದೆ ಬಟ್ಟೆಯಿಂದ ಏನನ್ನೂ ತಣಿಸಲಾಗದು. ಹೊರಗೆ 40 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇಕಡಾ 20ರಷ್ಟು ತೇವ ಇರುವ ಏಪ್ರಿಲ್ ಮಧ್ಯಾಹ್ನ ಈ ತಳವು 23 ಡಿಗ್ರಿಯ ಹತ್ತಿರ ಬರುತ್ತದೆ. ಶ್ರಾವಣದಲ್ಲಿ ಗಾಳಿ 30 ಡಿಗ್ರಿಯಿದ್ದು ತೇವ ಶೇಕಡಾ 80ಕ್ಕೆ ಏರಿದಾಗ ತಳವೂ 27ಕ್ಕೆ ಏರುತ್ತದೆ. ಡಿಸೆಂಬರಿನ ಹಗಲು, 29 ಡಿಗ್ರಿ ಮತ್ತು ಶೇಕಡಾ 40ರ ತೇವದಲ್ಲಿ ಅದು 20ಕ್ಕಿಂತ ತುಸು ಕೆಳಗಿರುತ್ತದೆ. ಆದ್ದರಿಂದ ತಟ್ಟು ಮತ್ತು ಫ್ಯಾನನ್ನು ನಂಬಿದವರಿಗೆ ವರ್ಷದ ಅತಿ ಕೆಟ್ಟ ಕಾಲ ಮೇ ತಿಂಗಳಲ್ಲ, ಮಳೆಗಾಲ. ಮೈಗೆ ಹಿತವೆನಿಸುವ ಆಗಸ್ಟಿನ ತಂಪು ಹವೆಯಲ್ಲಿ ಏಲ್ ಕೆಡುತ್ತದೆ ಎಂದರೆ ಮೊದಲಿಗೆ ಯಾರೂ ನಂಬುವುದಿಲ್ಲ. ಬೀದರ ಎತ್ತರದ ಮೇಲಿರುವುದರಿಂದ ಅಲ್ಲಿ ಈ ಅಂಕಿಗಳು ಒಂದೆರಡು ಡಿಗ್ರಿ ಕೆಳಗೂ, ಭೀಮಾ ತೀರದ ತಗ್ಗಿನ ಯಾದಗಿರಿಯ ಕಡೆ ತುಸು ಮೇಲೂ ಇರುವುದು ಸಹಜ. ನಿಮ್ಮ ಕೋಣೆಯ ಅಂಕಿಯನ್ನು ನೀವೇ ಅಳೆದುಕೊಳ್ಳುವುದು ಮೇಲು.

ತಟ್ಟಿನ ಏರ್ಪಾಡು ಹೀಗಿರಲಿ. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಡ್ರಮ್ಮನ್ನು ನಿಲ್ಲಿಸಿ, ಏಲಿನ ಮಟ್ಟದ ಅರ್ಧದವರೆಗೆ ಬರುವಂತೆ ನೀರು ತುಂಬಿ. ಗೋಣಿ ತಟ್ಟಿಗಿಂತ ಹಳೆಯ ಹತ್ತಿ ಧೋತರ ಅಥವಾ ಟವೆಲ್ ಒಳ್ಳೆಯದು, ಏಕೆಂದರೆ ಹತ್ತಿ ನೀರನ್ನು ಕೆಳಗಿನಿಂದ ತಾನೇ ಮೇಲಕ್ಕೆ ಹೀರಿಕೊಳ್ಳುತ್ತದೆ, ಸೆಣಬಿಗೆ ಮತ್ತೆ ಮತ್ತೆ ನೀರು ಚಿಮುಕಿಸಬೇಕಾಗುತ್ತದೆ. ಬಟ್ಟೆಯ ತುದಿ ನೀರಿನಲ್ಲಿ ಮುಳುಗಿರಲಿ. ಮೇಲಿನ ಅಂಚು ಮುಚ್ಚಳಕ್ಕಿಂತ ನಾಲ್ಕು ಬೆರಳು ಕೆಳಗೇ ನಿಲ್ಲಲಿ. ಒದ್ದೆ ಬಟ್ಟೆ ಮುಚ್ಚಳಕ್ಕೂ, ಒಳಗಿನ ಅನಿಲವನ್ನು ಹೊರಬಿಟ್ಟು ಗಾಳಿಯನ್ನು ತಡೆಯುವ ಏರ್‌ಲಾಕಿಗೂ ತಾಗಿದರೆ ಬೂಷ್ಟು ಅಲ್ಲಿಂದಲೇ ಒಳಹೋಗುತ್ತದೆ. ಟಬ್ಬಿನ ನೀರಿಗೆ ಚಿಟಿಕೆ ಬ್ಲೀಚಿಂಗ್ ಪುಡಿ ಹಾಕಿ. ಫ್ಯಾನು ನಿರಂತರ ತಿರುಗುತ್ತಿದ್ದರೆ ಒಣಹವೆಯಲ್ಲಿ ದಿನಕ್ಕೆ ನಾಲ್ಕೈದು ಲೀಟರ್ ನೀರು ಆರಿಹೋಗುತ್ತದೆ, ಬೆಳಿಗ್ಗೆ ಸಂಜೆ ತುಂಬಿಸಬೇಕು. ಕಿಟಕಿ ತೆರೆದಿರಲಿ; ಮುಚ್ಚಿದ ಕೋಣೆಯಲ್ಲಿ ಆವಿ ಸೇರಿ ಸೇರಿ ತೇವ ಏರಿ, ಕೆಲವೇ ಗಂಟೆಗಳಲ್ಲಿ ಏಪ್ರಿಲ್ ಕೋಣೆ ಆಗಸ್ಟ್ ಕೋಣೆಯಾಗುತ್ತದೆ. ಏರ್ ಕೂಲರಿನ ಎದುರು ಡ್ರಮ್ ಇಟ್ಟರೆ ದುಪ್ಪಟ್ಟು ತಂಪು ಎಂದು ಭಾವಿಸುವವರಿದ್ದಾರೆ. ಕೂಲರಿನ ಗಾಳಿ ತಣ್ಣಗಿದ್ದರೂ ಅಷ್ಟೇ ತೇವ ಹೊತ್ತು ಬರುವುದರಿಂದ ಆ ತಳದ ಅಂಕಿ ಕೂದಲಷ್ಟೂ ಇಳಿಯುವುದಿಲ್ಲ. ಇಷ್ಟೆಲ್ಲ ಮಾಡಿದರೆ ಏಪ್ರಿಲಿನಲ್ಲಿ ನಿಮಗೆ ಸಿಗುವುದು 24–25 ಡಿಗ್ರಿಯ ಏಲ್, ಡಿಸೆಂಬರಿನಲ್ಲಿ 20–21.

ಬೇಸಿಗೆಯಲ್ಲಿ 19 ಡಿಗ್ರಿ ಬೇಕೆಂದರೆ ಮಂಜುಗಡ್ಡೆ ಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ಒದ್ದೆ ಬಟ್ಟೆ, ಫ್ಯಾನು ಎರಡೂ ಇದ್ದಂತೆಯೇ ಟಬ್ಬಿಗೆ ಮಂಜಿನ ಬಾಟಲಿಗಳನ್ನು, ಅಂದರೆ ನೀರು ತುಂಬಿ ಗಡ್ಡೆಗಟ್ಟಿಸಿದ ಬಾಟಲಿಗಳನ್ನು, ಹಾಕುತ್ತ ಹೋದರೆ, ಏಲ್ ಮೇಲೆ ಹೇಳಿದ ತಳದ ಅಂಕಿಗಿಂತ ಕೆಳಗಿಳಿದ ಕ್ಷಣದಿಂದ ಬಟ್ಟೆಯ ಕೆಲಸ ಉಲ್ಟಾ ಆಗುತ್ತದೆ. 23ರ ತಳವಿರುವ ಗಾಳಿಯಲ್ಲಿ 19 ಡಿಗ್ರಿಯ ಒದ್ದೆ ಬಟ್ಟೆ ಇದ್ದರೆ ಅದು ಗಾಳಿಯಿಂದ ಶಾಖವನ್ನು ಹೀರಿ ಡ್ರಮ್ಮಿಗೆ ಕೊಡುತ್ತದೆ, ಫ್ಯಾನು ಆ ಕೆಲಸವನ್ನು ಇನ್ನೂ ಚುರುಕುಗೊಳಿಸುತ್ತದೆ. ಈ ಏರ್ಪಾಡಿನಲ್ಲಿ ದಿನಕ್ಕೆ ಲೀಟರಿನ ಎಂಟು ಹತ್ತು ಬಾಟಲಿ ಮಂಜು ಕರಗಿದರೂ ಉಷ್ಣತೆ ಅಲ್ಲಾಡದು. ಮಂಜಿನ ದಾರಿ ಹಿಡಿಯುವುದಾದರೆ ಬಟ್ಟೆ ತೆಗೆಯಿರಿ, ಫ್ಯಾನ್ ಆರಿಸಿ, ಎರಡು ಇಂಚು ದಪ್ಪದ ಥರ್ಮೊಕೋಲ್ ಹಾಳೆಗಳನ್ನು ಟೇಪಿನಿಂದ ಜೋಡಿಸಿ ಮುಚ್ಚಳವಿರುವ ಪೆಟ್ಟಿಗೆ ಮಾಡಿ, ಡ್ರಮ್ಮು ಮತ್ತು ಬಾಟಲಿಗಳನ್ನು ಅದರೊಳಗಿಡಿ. ನೆಲದ ಮೇಲೂ ಒಂದು ಹಾಳೆ ಹಾಸಿ. ಶಹಾಬಾದ್ ಕಲ್ಲಿನ ನೆಲ ಕಾಲಿಗೆ ತಣ್ಣಗೆ ತೋರಿದರೂ ಬೇಸಿಗೆಯಲ್ಲಿ 30 ಡಿಗ್ರಿ ಮೀರಿಯೇ ಇರುತ್ತದೆ. ಇಂಥ ಪೆಟ್ಟಿಗೆಯೊಳಕ್ಕೆ ಸೋರುವ ಶಾಖ 20–25 ವ್ಯಾಟಿಗೆ ಇಳಿಯುವುದರಿಂದ ದಿನಕ್ಕೆ ಲೀಟರಿನ ಐದಾರು ಬಾಟಲಿ ಸಾಕು. ಲೀಟರಿನ ಒಂದು ಮಂಜಿನ ಬಾಟಲಿ ಪೂರ್ತಿ ಕರಗಿದರೆ 20 ಲೀಟರ್ ಏಲನ್ನು ಹೆಚ್ಚೆಂದರೆ ಐದು ಡಿಗ್ರಿ ಇಳಿಸಬಲ್ಲದು. ಆದ್ದರಿಂದ ಎಲ್ಲವನ್ನೂ ಒಮ್ಮೆಲೇ ಇಡದೆ ಆರೇಳು ಗಂಟೆಗೊಮ್ಮೆ ಒಂದೆರಡರಂತೆ ಬದಲಿಸಬೇಕು. ಒಟ್ಟು ನನ್ನ ಸಲಹೆ ಇದು: ಮೊದಲ ಮೂರು ದಿನ ಪೆಟ್ಟಿಗೆ ಮತ್ತು ಮಂಜು, ನಾಲ್ಕನೆಯ ದಿನದಿಂದ ಟಬ್ಬು, ಬಟ್ಟೆ ಮತ್ತು ಫ್ಯಾನು. ಎರಡನ್ನೂ ಏಕಕಾಲಕ್ಕೆ ಬೆರೆಸಬೇಡಿ.

ಈ ಯಾವ ಏರ್ಪಾಡೂ ವೋರ್ಟ್ ಬಿಸಿಯಿದ್ದಾಗಲೇ ಯೀಸ್ಟ್ ಬೆರೆಸಿದ ತಪ್ಪನ್ನು ಸರಿಪಡಿಸಲಾರದು. ಇಂಗ್ಲೆಂಡಿನ ನಲ್ಲಿಯ ನೀರು ತಣ್ಣಗಿರುವುದರಿಂದ ಅಲ್ಲಿ ತಾಮ್ರದ ಸುರುಳಿಯಲ್ಲಿ ನೀರು ಹರಿಸಿದರೆ ವೋರ್ಟ್ ಅರ್ಧ ಗಂಟೆಯಲ್ಲಿ 18 ಡಿಗ್ರಿ ಮುಟ್ಟುತ್ತದೆ. ನಮ್ಮಲ್ಲಿ ಬೋರ್‌ವೆಲ್ ನೀರೇ 27–28 ಡಿಗ್ರಿಯಿರುತ್ತದೆ, ಮಾಳಿಗೆಯ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರಿನ ಮಾತಂತೂ ಬೇಡ. ಸುರುಳಿಯಿಂದ 32 ಡಿಗ್ರಿಯವರೆಗೆ ಇಳಿಸಿ, ಆಮೇಲೆ ಮುಚ್ಚಿದ ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿ ಕೂರಿಸಬೇಕು. 20 ಲೀಟರನ್ನು 32ರಿಂದ 18ಕ್ಕೆ ಇಳಿಸಲು ಲೆಕ್ಕದ ಪ್ರಕಾರ ಮೂರು ಕಿಲೋ ಮಂಜು, ವ್ಯರ್ಥವಾಗುವುದೂ ಸೇರಿ ಐದು ಕಿಲೋ ಹಿಡಿಯುತ್ತದೆ. ಐಸ್ ಫ್ಯಾಕ್ಟರಿಯ ಗಡ್ಡೆ ಹೊರಗಿನ ನೀರಿಗಷ್ಟೇ. ಯಾವ ಕಾರಣಕ್ಕೂ ಅದನ್ನು ವೋರ್ಟಿನೊಳಕ್ಕೆ ಹಾಕಕೂಡದು, ಕುದಿಸಿ ಶುದ್ಧಗೊಳಿಸಿದ ಶ್ರಮವೆಲ್ಲ ಅದರಿಂದ ನೀರುಪಾಲಾಗುತ್ತದೆ. 17–18 ಡಿಗ್ರಿಗೆ ಬಂದ ಮೇಲೆಯೇ ಯೀಸ್ಟ್ ಬೆರೆಸಿ, ಅಲ್ಲಿಂದ 19ಕ್ಕೆ ತಾನಾಗಿ ಏರಲಿ. ಅಂದು ರಾತ್ರಿ 18ಕ್ಕೆ ಇಳಿಸಲಾಗದಿದ್ದರೆ ಮುಚ್ಚಳ ಬಿಗಿದು ಮಂಜಿನ ಪೆಟ್ಟಿಗೆಯಲ್ಲಿಟ್ಟು ಮರುದಿನ ಬೆಳಿಗ್ಗೆ ಬೆರೆಸುವುದು, 30 ಡಿಗ್ರಿಯಲ್ಲಿ ಬೆರೆಸಿ ಆಮೇಲೆ ತಣಿಸಲು ಪರದಾಡುವುದಕ್ಕಿಂತ ನೂರು ಪಾಲು ಮೇಲು. ಪಾತ್ರೆ, ಕೊಳವೆ ಎಲ್ಲವೂ ಚೊಕ್ಕಟವಾಗಿದ್ದರೆ ಒಂದು ರಾತ್ರಿಯ ಕಾಯುವಿಕೆಯಿಂದ ಅಪಾಯವಿಲ್ಲ. ಯೀಸ್ಟಿನ ಪ್ರಮಾಣದಲ್ಲಿ ಜಿಪುಣತನ ಬೇಡ. 20 ಲೀಟರಿಗೆ 11.5 ಗ್ರಾಮಿನ ಒಂದು ಇಡೀ ಪೊಟ್ಟಣ ಹಾಕಿ, ಅರ್ಧ ಉಳಿಸಿಡುವ ಆಸೆ ಬೇಡ. ಯೀಸ್ಟ್ ಕಡಿಮೆಯಾದಷ್ಟೂ ಅದು ಹೆಚ್ಚು ಪಟ್ಟು ಬೆಳೆಯಬೇಕಾಗಿ, ಬಿಸಿಯ ದುಷ್ಪರಿಣಾಮ ಇಮ್ಮಡಿಸುತ್ತದೆ. ಪೊಟ್ಟಣ ದೂರದಿಂದ ಪಾರ್ಸಲ್ಲಿನಲ್ಲಿ ಬಿಸಿಲಲ್ಲಿ ಬಂದಿದ್ದರಂತೂ ಎರಡು ಪೊಟ್ಟಣ ಹಾಕುವುದೇ ಜಾಣತನ.

ಅಳತೆಯ ಬಗ್ಗೆ ಒಂದು ಮಾತು. ಉಷ್ಣತೆಯ ಪ್ರೋಬನ್ನು ಡ್ರಮ್ಮಿನ ನಡುಮಟ್ಟದಲ್ಲಿ ಗೋಡೆಗೆ ಒತ್ತಿ, ಅದರ ಮೇಲೆ ಅಂಗೈ ಅಗಲದ ಥರ್ಮೊಕೋಲ್ ಅಥವಾ ಫೋಮ್ ತುಂಡನ್ನಿಟ್ಟು ಟೇಪು ಸುತ್ತಿದರೆ, ಅದು ಹೊರಗಿನ ಗಾಳಿಯ ಬದಲು ಒಳಗಿನ ದ್ರವದ ಉಷ್ಣತೆಯನ್ನು ಅರ್ಧ ಡಿಗ್ರಿಯೊಳಗೆ ತೋರಿಸುತ್ತದೆ. ಟಬ್ಬಿನ ನೀರಿನ ಮಟ್ಟಕ್ಕಿಂತ ಮೇಲಿರಲಿ. ಮುಚ್ಚಳ ತೆರೆದು ಉಷ್ಣಮಾಪಕ ಅದ್ದಿ ನೋಡುವ ಕುತೂಹಲವನ್ನು ಹತ್ತಿಕ್ಕಿಕೊಳ್ಳಬೇಕು.

ಚಳಿಗಾಲದಲ್ಲಿ ತೊಂದರೆ ತಿರುಗಿ ಇನ್ನೊಂದು ಕಡೆಯಿಂದ ಬರುತ್ತದೆ. ಡಿಸೆಂಬರಿನಲ್ಲಿ ಹಗಲು 29–30, ಬೆಳಗಿನ ಜಾವ 15ರ ಆಸುಪಾಸು. ರಾತ್ರಿಯಿಡೀ ಒದ್ದೆ ಬಟ್ಟೆ, ಫ್ಯಾನು ಹಾಗೆಯೇ ಬಿಟ್ಟರೆ ಏಲ್ 15–16ಕ್ಕೆ ಇಳಿಯಬಹುದು. ಬೇಗ ತಳಕ್ಕೆ ಕೂರುವ ಇಂಗ್ಲಿಷ್ ತಳಿಗಳು ಮೂರನೆಯ ನಾಲ್ಕನೆಯ ದಿನ ಇಂಥ ಇಳಿತ ಕಂಡರೆ ಕೆಲಸ ಅರ್ಧಕ್ಕೆ ಬಿಟ್ಟು ತಳ ಸೇರುತ್ತವೆ. ಸಕ್ಕರೆಯಂಶವೂ ಉಳಿಯುತ್ತದೆ, ಬೆಣ್ಣೆಯ ವಾಸನೆಯ ಡೈಅಸಿಟೈಲೂ ಉಳಿಯುತ್ತದೆ. ಹೊತ್ತು ಮುಳುಗಿದ ಮೇಲೆ ಫ್ಯಾನ್ ಆರಿಸಿ, ಟಬ್ಬಿನಲ್ಲಿ ನೀರು ಹೆಚ್ಚಾಗಿರಲಿ. ನೀರು ಹೆಚ್ಚಿದ್ದಷ್ಟೂ ಏರಿಳಿತ ನಿಧಾನವಾಗುತ್ತದೆ. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ಹಳೆಯ ಮನೆಯ ನಡುಮನೆ ನಿಮಗೆ ದೊರೆಯುವಂತಿದ್ದರೆ ನವೆಂಬರಿನ ನಡುವಿನಿಂದ ಫೆಬ್ರವರಿಯ ಮೊದಲ ವಾರದವರೆಗೆ ಬರಿಯ ಟಬ್ಬಿನಲ್ಲಿಯೇ ಒಳ್ಳೆಯ ಏಲ್ ಆಗುತ್ತದೆ. ನಿಮ್ಮ ಮೊದಲ ಪ್ರಯೋಗಗಳಿಗೆ ಆ ಕಾಲವನ್ನೇ ಇಟ್ಟುಕೊಳ್ಳಿ.

ಉಷ್ಣತೆಯೊಡನೆ ಸೆಣಸುವುದೇ ಬೇಡ ಎನ್ನುವವರಿಗೆ ನಾರ್ವೆಯ ಪಶ್ಚಿಮ ಭಾಗದ ರೈತರ ಮನೆಗಳಲ್ಲಿ ತಲೆಮಾರುಗಳಿಂದ ಉಳಿದುಬಂದ ಕ್ವೈಕ್ ಯೀಸ್ಟಿದೆ. ಅದರ ವೊಸ್ ತಳಿಯನ್ನು 35ರಿಂದ 40 ಡಿಗ್ರಿಯಲ್ಲಿ ಹುದುಗಿಸಿದರೂ ಉಗುರುಬಣ್ಣದ ವಾಸನೆ ಬರುವುದಿಲ್ಲ, ಎರಡು ಮೂರು ದಿನಗಳಲ್ಲಿ ಕೆಲಸ ಮುಗಿಯುತ್ತದೆ. ಅಷ್ಟು ಚಳಿಯ ನಾಡಿನ ಯೀಸ್ಟು ನಮ್ಮ ಏಪ್ರಿಲಿಗೆ ಇಷ್ಟು ಒಗ್ಗುವುದು ವಿಚಿತ್ರವೇ ಸರಿ. ಅಲ್ಲಿಯ ರೈತರು ವೋರ್ಟ್ ಇನ್ನೂ ಮೈಬಿಸಿಯಷ್ಟು ಇರುವಾಗಲೇ ಯೀಸ್ಟ್ ಬೆರೆಸುತ್ತ ಬಂದುದರಿಂದ ಈ ಗುಣ ಉಳಿದುಕೊಂಡಿದೆ. ಬೆಲ್ಜಿಯಮ್ಮಿನ ಸೈಸನ್ ತಳಿಗಳು ಸಹ 30 ಡಿಗ್ರಿಯನ್ನು ತಾಳಿಕೊಳ್ಳುತ್ತವೆ. ಆದರೆ ಕ್ವೈಕಿನಲ್ಲಿ ಕಿತ್ತಳೆಯ ಸಿಪ್ಪೆಯ ಛಾಯೆ, ಸೈಸನ್ನಿನಲ್ಲಿ ಮೆಣಸಿನ ಘಾಟು ಇದ್ದೇ ಇರುತ್ತದೆ. ಬಿಟರ್ ಎಂಬ ಇಂಗ್ಲಿಷ್ ಏಲಿನ ಮಾಲ್ಟ್ ರುಚಿ ಬಯಸುವವರು ಕ್ವೈಕ್ ಹಾಕಿ ನಿರಾಶರಾಗುವುದನ್ನು ಕಂಡಿದ್ದೇನೆ; ತಪ್ಪು ಯೀಸ್ಟಿನದಲ್ಲ. ಇನ್ನೊಂದು ಎಚ್ಚರ: ಕ್ವೈಕಿಗೆ ಬಿಸಿಯೇ ಬೇಕು. ಅದನ್ನು ತಂದು ಒದ್ದೆ ಬಟ್ಟೆ ಸುತ್ತಿ 22ಕ್ಕೆ ಇಳಿಸಿದರೆ ಕೆಲಸ ತೀರ ನಿಧಾನವಾಗುತ್ತದೆ.

ಫ್ರಿಜ್ ಬೇಕೇ ಎಂಬ ಪ್ರಶ್ನೆಗೆ, ನೀವು ಬ್ರೂವರಿಗಾಗಿ ಪಾಕ ಕುದುರಿಸುತ್ತಿರುವುದರಿಂದ, ಬೇಕು ಎಂದೇ ಹೇಳುತ್ತೇನೆ. ಒಂದು ಬದಲಾವಣೆಯ ಪರಿಣಾಮವನ್ನು ತಿಳಿಯಲು ಉಳಿದೆಲ್ಲವೂ ಹಿಂದಿನಂತೆಯೇ ಇರಬೇಕಾಗುತ್ತದೆ. ಮಂಜಿನ ಬಾಟಲಿಯ ಏರ್ಪಾಡಿನಲ್ಲಿ ಮಾರ್ಚಿನ ಏಲೂ ಜುಲೈ ಏಲೂ ಒಂದೇ ಉಷ್ಣತೆಯಲ್ಲಿ ಆಗುವುದಿಲ್ಲ. ಹೊಸದು ಬೇಡ, ಕಂಪ್ರೆಸರ್ ಚೆನ್ನಾಗಿರುವ ಹಳೆಯ ಫ್ರಿಜ್ ಸಾಕು. ಕೊಳ್ಳುವ ಮೊದಲು ಟೇಪು ಹಿಡಿದು ಡ್ರಮ್ಮಿನ ಎತ್ತರ, ಏರ್‌ಲಾಕ್ ಮತ್ತು ಕೆಳಗೆ ಹಿಂಭಾಗದಲ್ಲಿ ಕಂಪ್ರೆಸರಿಗಾಗಿ ಬಿಟ್ಟ ಉಬ್ಬು ಇವುಗಳ ಅಳತೆ ನೋಡಿಕೊಳ್ಳಿ. ಹೊರಗಿನಿಂದ ಒಂದು ಡಿಜಿಟಲ್ ತಾಪ ನಿಯಂತ್ರಕವನ್ನು ಜೋಡಿಸಿ, 19 ಡಿಗ್ರಿಗೆ ಹೊಂದಿಸಿ, ಅರ್ಧದಿಂದ ಒಂದು ಡಿಗ್ರಿಯ ಅಂತರ ಕೊಟ್ಟು, ಕಂಪ್ರೆಸರ್ ಆರಿದ ಮೇಲೆ ಮತ್ತೆ ಹೊತ್ತಿಕೊಳ್ಳಲು ಕನಿಷ್ಠ ಐದು ನಿಮಿಷದ ಬಿಡುವು ಇರಿಸಿ. ಪ್ರೋಬ್ ಮೇಲೆ ಹೇಳಿದಂತೆ ಡ್ರಮ್ಮಿನ ಗೋಡೆಗೇ ಅಂಟಿರಬೇಕು. ಫ್ರಿಜ್ಜಿನ ಗಾಳಿಯಲ್ಲಿ ತೂಗುಬಿಟ್ಟರೆ ಗಾಳಿ 19 ಇರುತ್ತದೆ, ಅಬ್ಬರದ ದಿನ ಏಲ್ ಮಾತ್ರ 22 ದಾಟಿರುತ್ತದೆ. ಕರೆಂಟ್ ಹೋಗುವುದರ ಬಗ್ಗೆ ಅತಿಯಾದ ಚಿಂತೆ ಬೇಡ. 40 ಡಿಗ್ರಿಯ ಹಗಲಿನಲ್ಲಿಯೂ, ಬಾಗಿಲು ತೆರೆಯದಿದ್ದರೆ, ಒಳಗಿನ 20 ಲೀಟರ್ ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಏರುವುದಿಲ್ಲ. ಕಡಿತ ಎರಡು ಗಂಟೆ ಮೀರುವ ಸೂಚನೆಯಿದ್ದರೆ ಎರಡು ಮಂಜಿನ ಬಾಟಲಿಗಳನ್ನು ಒಳಗಿಟ್ಟರಾಯಿತು. ವೋಲ್ಟೇಜ್ ಏರಿಳಿಯುವ ಕಡೆ ಸ್ಟೆಬಿಲೈಸರ್ ಕಡ್ಡಾಯ.

ಆದರೆ ಈ ಫ್ರಿಜ್ಜಿನ ಅನುಭವವನ್ನು 500 ಲೀಟರಿನ ಟ್ಯಾಂಕಿಗೆ ಹಾಗೆಯೇ ಹೊರಿಸಬೇಡಿ. ಪ್ರಮಾಣ 25 ಪಟ್ಟು ಏರಿದಾಗ ಯೀಸ್ಟಿನ ಶಾಖವೂ 25 ಪಟ್ಟಾಗುತ್ತದೆ, ಹೊರಮೈ ಮಾತ್ರ ಎಂಟೂವರೆ ಪಟ್ಟಷ್ಟೇ ಹಿಗ್ಗುತ್ತದೆ. ಟ್ಯಾಂಕಿಗೆ ದಪ್ಪನೆಯ ಹೊದಿಕೆಯೂ ಇರುವುದರಿಂದ ಅಲ್ಲಿ ಮುಖ್ಯ ಶತ್ರು ಮತ್ತೆ ಯೀಸ್ಟಿನ ಶಾಖವೇ ಆಗುತ್ತದೆ, ಗ್ಲೈಕಾಲ್ ಎಂಬ ತಣಿಸಿದ ದ್ರವ ಹರಿಯುವ ಹೊರಕವಚವಿಲ್ಲದೆ ಅದನ್ನು ತಡೆಯಲಾಗದು. ಆ ದ್ರವವನ್ನು ತಣಿಸುವ ಯಂತ್ರವಾದ ಚಿಲ್ಲರಿನ ಸಾಮರ್ಥ್ಯವನ್ನು ಮಾರಾಟಗಾರರು ಬೆಂಗಳೂರಿನ ಹವೆಗೆ ಲೆಕ್ಕ ಹಾಕಿ ಹೇಳಿದರೆ ಒಪ್ಪಬೇಡಿ. ಯಂತ್ರ ಇಡುವ ಜಾಗದ ಗಾಳಿ 45 ಡಿಗ್ರಿಯಿರುವಾಗ ಅದು ಎಷ್ಟು ಶಾಖ ತೆಗೆಯಬಲ್ಲದು ಎಂಬುದನ್ನು ಬರಹದಲ್ಲಿ ಪಡೆಯಿರಿ.

ಕೊನೆಯ ಹಂತದಲ್ಲಿ ಉಷ್ಣತೆ ಇಳಿಸುವ ಆತುರ ಬೇಡ. ಏರ್‌ಲಾಕಿನ ಗುಳ್ಳೆಗಳು ವಿರಳವಾದ ಮೇಲೆ ಏಲನ್ನು 21–22 ಡಿಗ್ರಿಯಲ್ಲಿ ಇನ್ನೂ ಮೂರು ದಿನ ಬಿಟ್ಟರೆ, ಯೀಸ್ಟ್ ತಾನೇ ಹುಟ್ಟಿಸಿದ ಡೈಅಸಿಟೈಲನ್ನೂ ಹಸಿ ಸೇಬಿನ ವಾಸನೆಯ ಅಸಿಟಾಲ್ಡಿಹೈಡನ್ನೂ ಮತ್ತೆ ಹೀರಿಕೊಂಡು ಶುಚಿಗೊಳಿಸುತ್ತದೆ. ದ್ರವದ ಸಾಂದ್ರತೆ ಅಳೆಯುವ ಹೈಡ್ರೊಮೀಟರಿನ ಅಂಕಿ ಎರಡು ದಿನ ಅಲುಗದೆ ನಿಂತ ಮೇಲೆಯೇ ಬಾಟಲಿಗೆ ತುಂಬಿ. ತುಂಬಿದ ಬಾಟಲಿಗಳನ್ನು ಮಾತ್ರ ಕೋಣೆಯಲ್ಲಿ ಬಿಡುವಂತಿಲ್ಲ. 38 ಡಿಗ್ರಿಯಲ್ಲಿ ಅವುಗಳೊಳಗಿನ ಅನಿಲದ ಒತ್ತಡ ವಿಪರೀತ ಏರಿ ಗಾಜು ಸಿಡಿಯಬಹುದು. ಅನಿಲ ಕೂಡಿಕೊಳ್ಳುವ ಎರಡು ವಾರ ಅವನ್ನು ಅದೇ ಥರ್ಮೊಕೋಲ್ ಪೆಟ್ಟಿಗೆಯಲ್ಲಿ, ಮುಚ್ಚಳ ಹಾಕಿ, 24 ಡಿಗ್ರಿಯ ಒಳಗಿಟ್ಟು, ಆಮೇಲೆ ಫ್ರಿಜ್ಜಿಗೆ ಸಾಗಿಸಿ.